ಗೋಡೆ ಏರಿದ ಹೊಲ

ಸೊಲ್ಲಾಪುರದ ಹಳೇ ಪೇಟೆಯ ಓಣಿಗಳನ್ನು ಬಲ್ಲವರಿಗೆ ನಮ್ಮ ಮನೆ ಎಂಥದ್ದೆಂದು ಬೇರೆ ಹೇಳಬೇಕಾಗಿಲ್ಲ. ಕೆಳಗೆ ಭುಸಾರ ಅಂಗಡಿ, ಮೇಲೆ ಎರಡು ಖೋಲಿ, ಒಂದು ಅಡುಗೆಮನೆ. ಅಂಗಳವಿಲ್ಲ, ಹಿತ್ತಲವಿಲ್ಲ. ಎದುರು ಮನೆಯವರು ಕಿಟಕಿಯಿಂದ ಕೈ ಚಾಚಿದರೆ ನಾವು ನಮ್ಮ ಕಿಟಕಿಯಿಂದಲೇ ಉಪ್ಪು ಈಸಿಕೊಳ್ಳಬಹುದು, ಓಣಿ ಅಷ್ಟು ಇಕ್ಕಟ್ಟು. ಇಂಥ ಮನೆಗೆ 2023ರ ದೀಪಾವಳಿ ಮುಗಿದ ಮೇಲೆ ನಮ್ಮ ಅಪ್ಪನನ್ನು ಊರಿಂದ ಕರೆತಂದೆ.

ಊರು ಅಕ್ಕಲಕೋಟ ತಾಲೂಕಿನದು. ಅಪ್ಪನಿಗೆ ಆಗ 79 ವರ್ಷ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಬಾವಿಯ ಹತ್ತಿರ ಕಾಲು ಜಾರಿ ಬಿದ್ದು ಟೊಂಕದ ಎಲುಬು ಮುರಿದಿತ್ತು. ಆಪರೇಶನ್ ಆಗಿ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವ ಹಾಗಾಗಿದ್ದರೂ ಒಬ್ಬರನ್ನೇ ಊರಲ್ಲಿ ಬಿಡುವ ಧೈರ್ಯ ನಮಗಾರಿಗೂ ಇರಲಿಲ್ಲ. ನಾಲ್ಕು ಎಕರೆ ಎರಿ ಭೂಮಿಯನ್ನು ಪಾಲಿಗೆ ಹಾಕಿ, ಮನೆಗೆ ಕೀಲಿ ಹಾಕಿ, ಅವರನ್ನು ಜೀಪಿನಲ್ಲಿ ಕೂಡಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಜೋಳದ ಹೊಲಗಳು ಬಂದಾಗ ಮಾತ್ರ ಕತ್ತು ಹೊರಳಿಸಿ ನೋಡುತ್ತಿದ್ದರು.

ಮುಂದಿನ ಖೋಲಿಯಲ್ಲಿ ಅವರ ಹೊರಸು ಹಾಕಿದೆವು. ಎದುರಿಗೆ ಹತ್ತು ಅಡಿಯ ಗೋಡೆ. ಅದರ ಮೇಲೆ ಒಂದು ಕ್ಯಾಲೆಂಡರ್ ಬಿಟ್ಟರೆ ಮತ್ತೇನೂ ಇಲ್ಲ. ಬೆಳಗಿನಿಂದ ಸಂಜೆಯತನಕ ಅವರು ಅದನ್ನೇ ನೋಡುತ್ತ ಕೂಡುತ್ತಿದ್ದರು. ಎರಡು ರೊಟ್ಟಿ ಉಣ್ಣುವವರು ಅರ್ಧ ರೊಟ್ಟಿಗೆ ಬಂದರು. ಡಾಕ್ಟರು ತಪಾಸು ಮಾಡಿ ರೋಗ ಏನೂ ಇಲ್ಲ ಎಂದರು. ಒಂದು ದಿನ ತಾಟು ತೆಗೆದುಕೊಂಡು ಹೋದಾಗ ಅಪ್ಪ ಅಂದರು:

“ತಮ್ಮಾ, ಈ ಗ್ವಾಡಿ ನೋಡಿ ನೋಡಿ ನನಗ ಇದರ ಬಿರುಕೆಲ್ಲಾ ಬಾಯಿಪಾಠ ಆಗ್ಯಾವ ನೋಡು.”

ಆ ಮಾತು ಕೇಳಿ ನಾನು ಅಂಗಡಿಗೆ ಇಳಿದು ಬಂದೆನಾದರೂ ಆ ದಿನ ಲೆಕ್ಕದ ಮೇಲೆ ಮನಸ್ಸು ನಿಲ್ಲಲಿಲ್ಲ.

ಒಂದು ಶಬ್ದ, ಎರಡು ಅರ್ಥ

ದಾರಿ ತೋರಿಸಿದವಳು ನಮ್ಮ ಸೊಸೆ. ಲಾತೂರ ಕಡೆಯ ಹುಡುಗಿ, ಮನೆಮಾತು ಮರಾಠಿ. ನಮ್ಮಲ್ಲಿ ಬಂದ ಮೇಲೆ ಕನ್ನಡ ಕಲಿತಿದ್ದಾಳೆ, ಆದರೆ ಅವಸರದಲ್ಲಿ ಎರಡೂ ಕೂಡಿಸಿ ಮಾತಾಡುತ್ತಾಳೆ. ಒಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಅವಳು ಅಂದಳು:

“ಅಜ್ಜಾರ, ಈ ಗ್ವಾಡಿಗೆ ಹನ್ನೆರಡು ಕುಂಡಿ ಹಚ್ಚೂಣ್ರಿ. ಚೆಂದ ಕಾಣ್ತಾವ.”

ಮರಾಠಿಯಲ್ಲಿ ಕುಂಡಿ ಎಂದರೆ ಹೂಗಿಡದ ಕುಂಡ. ನಮ್ಮ ಕನ್ನಡದಲ್ಲಿ ಏನೆಂದು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಅಪ್ಪ ನಕ್ಕರು. ತಿಂಗಳೊಪ್ಪತ್ತಿನಲ್ಲಿ ಮೊದಲ ಸಲ, ಕೆಮ್ಮು ಬರುವಷ್ಟು ನಕ್ಕರು. “ಹನ್ನೆರಡಾ? ನಿಮ್ಮತ್ತಿ ಗ್ವಾಡಿ ತಡೀತದೇನವಾ ಅಷ್ಟು?” ಎಂದು ಕೇಳಿದರು. ಸೊಸೆಗೆ ತಿಳಿದ ಮೇಲೆ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಗಡಿಯ ಮನೆಗಳಲ್ಲಿ ಇಂಥ ನಗೆ ಆಗಾಗ ಆಗುತ್ತಲೇ ಇರುತ್ತದೆ. ಆದರೆ ಅಪ್ಪ ಕೇಳಿದ ಪ್ರಶ್ನೆ ಮಾತ್ರ ಚೇಷ್ಟೆಯದಾಗಿರಲಿಲ್ಲ ಎಂಬುದು ಮುಂದೆ ಒಂದೇ ತಿಂಗಳಲ್ಲಿ ನಮಗೆ ತಿಳಿಯಿತು.

ನೆಲವು ಕಟ್ಟಿದವರಿಗೆ ಇದು ಹೊಸದಲ್ಲ

ಗೋಡೆಗೆ ಕುಂಡ ಕಟ್ಟಿ ಮನೆಯೊಳಗೆ ಗಿಡ ಬೆಳೆಸುವುದು ಈಗ ದೊಡ್ಡ ಶಹರಗಳ ಫ್ಯಾಶನ್. ಇದರ ಹಿಂದೆ ದೊಡ್ಡವರ ಕೆಲಸವೂ ಇದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉದ್ಯಾನ ವಿನ್ಯಾಸ ಕಲಿಸುತ್ತಿದ್ದ ಸ್ಟ್ಯಾನ್ಲಿ ಹಾರ್ಟ್ ವೈಟ್ ಎಂಬ ಪ್ರೊಫೆಸರರು ಸಸಿ ಹೊತ್ತು ನಿಲ್ಲುವ ಗೋಡೆಯ ರಚನೆಗೆ 1938ರಲ್ಲೇ ಪೇಟೆಂಟ್ ಪಡೆದಿದ್ದರು. ಆಮೇಲೆ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಯಾಟ್ರಿಕ್ ಬ್ಲಾಂಕ್ ಅವರು ಮಣ್ಣೇ ಇಲ್ಲದೆ, ದಪ್ಪ ಬಟ್ಟೆಯಲ್ಲಿ ಬೇರು ಬಿಡಿಸಿ, ಮೇಲಿನಿಂದ ಗೊಬ್ಬರದ ನೀರು ಹನಿಸಿ, ಎತ್ತರದ ಗೋಡೆಗಳನ್ನೇ ಹಸಿರು ಮಾಡಿ ತೋರಿಸಿದರು. ಪ್ಯಾರಿಸಿನ ಕೇ ಬ್ರಾನ್ಲಿ ಮ್ಯೂಜಿಯಮ್ಮಿನ ಹೊರಗೋಡೆ ಅವರ ಕೈಕೆಲಸ.

ಇದನ್ನೆಲ್ಲ ಮಗ ಓದಿ ಹೇಳಿದಾಗ ಅಪ್ಪ ತಲೆ ಅಲ್ಲಾಡಿಸಿ, “ಹಂಗಾರ ನಿಮ್ಮವ್ವ ನೆಲವಿನ ಮ್ಯಾಲ ಹಾಲಿನ ಗಡಗಿ ಇಡ್ತಿದ್ದಳಲ್ಲ, ಅದಕ್ಕೂ ಪೇಟೆಂಟ್ ತಗೋಬೇಕಿತ್ತು” ಅಂದರು. ಅವರ ಮಾತು ಸುಳ್ಳೇನಲ್ಲ. ನೆಲದ ಮೇಲೆ ಜಾಗ ಸಾಲದಾದಾಗ, ಬೆಕ್ಕು ಇಲಿಗಳ ಕಾಟ ಬಂದಾಗ, ಹಳ್ಳಿ ಮನೆಯ ಹೆಣ್ಣುಮಕ್ಕಳು ಗೋಡೆಗೂ ತೊಲೆಗೂ ಸಾಮಾನು ಏರಿಸಿದವರೇ. ಬೀಜ ತುಂಬಿದ ಬುರುಡೆ ಗೂಟದಲ್ಲಿ, ದೀಪ ಮಾಡದಲ್ಲಿ, ಬೆಣ್ಣೆ ನೆಲವಿನಲ್ಲಿ. ಮಣ್ಣನ್ನೂ ಗಿಡವನ್ನೂ ಗೋಡೆಗೆ ಏರಿಸುವುದು ಮಾತ್ರ ಬಾಕಿ ಇತ್ತು.

ತೂಕದ ಲೆಕ್ಕ ತಪ್ಪಿದಾಗ

2023ರ ಡಿಸೆಂಬರಿನಲ್ಲಿ ಮಗ ಕಟ್ಟಿಗೆಯ ಒಂದು ಚೌಕಟ್ಟು, ಮೂರು ಮೂರು ಲೀಟರಿನ ಹನ್ನೆರಡು ಪ್ಲಾಸ್ಟಿಕ್ ಕುಂಡ, ತೆಂಗಿನ ನಾರಿನ ಪುಡಿ ಅಂದರೆ ಕೊಕೊಪೀಟ್, ಎರೆಹುಳ ಗೊಬ್ಬರ ಎಲ್ಲ ತಂದ. ಹೊರಸಿನ ಎದುರಿನ ಗೋಡೆಗೆ ಆರು ರಂಧ್ರ ಕೊರೆದು, ಪ್ಲಾಸ್ಟಿಕ್ ಗಿಟ್ಟಿ ಹೊಡೆದು, ಸ್ಕ್ರೂ ಹಾಕಿ ಚೌಕಟ್ಟು ಬಿಗಿದ. ಮನಿಪ್ಲಾಂಟ್, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅಪ್ಪನ ಹಟಕ್ಕೆ ಒಂದು ತುಳಸಿ, ಒಂದು ದೊಡ್ಡಪತ್ರಿ. ಅಪ್ಪ ಒಂದು ಕುಂಡದಲ್ಲಿ ಬೆರಳಿಟ್ಟು ನೋಡಿ, “ಇದು ಮಣ್ಣಲ್ಲ, ಕಸ. ಇದರಾಗ ಏನ್ ಬೆಳೀತದ?” ಎಂದು ಮುಖ ತಿರುವಿದರು.

2024ರ ಜನವರಿ 11ಕ್ಕೆ ಎಳ್ಳಅಮಾವಾಸ್ಯೆ. ನಮ್ಮ ಕಡೆಗೆ ಅದು ಹೊಲದ ಹಬ್ಬ. ಲಾತೂರಿನವರೂ ಯೇಳವಸ ಎಂದು ಅದನ್ನೇ ಆಚರಿಸುತ್ತಾರೆ. ಬುದ್ಧಿ ಬಂದಾಗಿನಿಂದ ಒಂದು ವರ್ಷವೂ ತಪ್ಪದೆ ಹೊಲಕ್ಕೆ ಚರಗ ಚೆಲ್ಲಿದ ಅಪ್ಪ ಆ ಸಲ ಹೊರಸು ಬಿಟ್ಟು ಏಳಲಾರದೆ ಉಳಿದರು. ಸಂಜೆಗೆ ನಮ್ಮ ಪಾಲುದಾರ ಊರಿಂದ ಬಂದ. ಒಂದು ಡಬ್ಬಿಯಲ್ಲಿ ಭಜ್ಜಿ, ಸಜ್ಜೆಯ ಕಡಬು. ಬೆನ್ನ ಮೇಲೆ ಒಂದು ಚೀಲ. ಅಪ್ಪ ಅವನಿಗೆ ಗುಟ್ಟಾಗಿ ಫೋನು ಮಾಡಿಸಿ ಹೊಲದ ಎರಿಮಣ್ಣು ತರಿಸಿದ್ದರು.

ಮರುದಿನ ನಾವೆಲ್ಲ ಅಂಗಡಿಯಲ್ಲಿದ್ದಾಗ ಅಪ್ಪ ಮೊಮ್ಮಗನ ಮಗನನ್ನು, ಏಳು ವರ್ಷದ ಪೋರನನ್ನು, ಕೈಗೆ ಕರೆದುಕೊಂಡು ಹನ್ನೆರಡೂ ಕುಂಡದ ‘ಕಸ’ ಚೆಲ್ಲಿ ಎರಿಮಣ್ಣು ತುಂಬಿದರು. ಕಣ್ಣಲ್ಲಿ ಹೊಳಪು ಬಂದಿತ್ತು. ಆ ರಾತ್ರಿ ಒಂದೂವರೆ ರೊಟ್ಟಿ ಉಂಡರು. ನಾವು ಏನೂ ಅನ್ನಲಿಲ್ಲ.

ಅದರ ಮರುರಾತ್ರಿ, ಸಿದ್ಧೇಶ್ವರ ಜಾತ್ರೆಯ ಗದ್ದಲ ಪೇಟೆಯಲ್ಲಿ ಇನ್ನೂ ಅಡಗಿರಲಿಲ್ಲ. ಎರಡು ಗಂಟೆಗೆ ಮನೆಯೇ ಬಿತ್ತೆನ್ನುವಂಥ ಸಪ್ಪಳ. ಓಡಿ ಬಂದು ನೋಡಿದರೆ ಚೌಕಟ್ಟು, ಕುಂಡ, ಗಾರೆಯ ಹಕ್ಕಳೆ ಎಲ್ಲ ನೆಲದ ಮೇಲೆ. ಅಪ್ಪನ ಹೊರಸಿನ ಕಾಲಿಗೆ ಒಂದು ಗೇಣು ಈಚೆ ಬಂದು ನಿಂತಿತ್ತು ಕಟ್ಟಿಗೆ. ಹಗಲು ಆ ಹುಡುಗ ಅಲ್ಲೇ ನೆಲದ ಮೇಲೆ ಕೂತು ಬರೆಯುತ್ತಾನೆ. ಯಾರಿಗೂ ಏನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ. ಅಪ್ಪ ಎದ್ದು ಕೂತು ನಡುಗುವ ದನಿಯಲ್ಲಿ ಒಂದೇ ಮಾತು ಕೇಳಿದರು: “ನನ್ನ ಮಣ್ಣಿಗೇ ಬಿತ್ತೇನು?”

ನಾನು ತೂಗಿ ಬದುಕುವ ಮನುಷ್ಯ. ಬೆಳಗಾದ ಮೇಲೆ ಅಂಗಡಿಯ ಕಾಂಟಾದ ಮೇಲೆ ಎಲ್ಲ ತೂಗಿ ನೋಡಿದೆ. ಕೊಕೊಪೀಟ್ ಮಿಶ್ರಣ ನೀರುಂಡಾಗ ಒಂದು ಕುಂಡ ಮೂರು ಕಿಲೋ ಮುನ್ನೂರು ಗ್ರಾಂ. ಅದೇ ಕುಂಡ ಹಸಿ ಎರಿಮಣ್ಣು ತುಂಬಿದಾಗ ಐದೂವರೆ ಕಿಲೋ. ಹನ್ನೆರಡಕ್ಕೆ 66 ಕಿಲೋ, ಚೌಕಟ್ಟು 8 ಕಿಲೋ, ಒಟ್ಟು 74. ಮೊದಲಿನ ಮಿಶ್ರಣವೇ ಇದ್ದಿದ್ದರೆ ಎಲ್ಲ ಸೇರಿ 47 ಕಿಲೋ ಚಿಲ್ಲರೆ. ಒಂದು ಕ್ವಿಂಟಲಿನ ಮುಕ್ಕಾಲು ಪಾಲನ್ನು ನಾವು ಆರು ಸ್ಕ್ರೂಗಳ ಮೇಲೆ ತೂಗುಹಾಕಿದ್ದೆವು. ಅದೂ ನಾಲ್ಕೂವರೆ ಇಂಚಿನ ಅಡ್ಡಗೋಡೆಗೆ. ಗಿಟ್ಟಿಗಳು ಇಟ್ಟಿಗೆಯನ್ನು ಮುಟ್ಟಿರಲೇ ಇಲ್ಲ, ಹಳೇ ಗಾರೆಯಲ್ಲೇ ನಿಂತಿದ್ದವು. ತಪ್ಪು ಮಣ್ಣಿನದೊಂದೇ ಅಲ್ಲ ಎಂದು ಅಪ್ಪನಿಗೆ ಗಿಟ್ಟಿ ತೋರಿಸಿ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಎರಡು ದಿನ ಮತ್ತೆ ಅರ್ಧ ರೊಟ್ಟಿ.

ಎರಡನೇ ಸಲ ನಾವು ಮಾಡಿದ್ದನ್ನು ಓದುಗರ ಉಪಯೋಗಕ್ಕೆ ಹೇಳುತ್ತೇನೆ. ವೆಲ್ಡಿಂಗ್ ಅಂಗಡಿಯಲ್ಲಿ ತೆಳು ಆಂಗಲ್ಲಿನ ಚೌಕಟ್ಟು ಮಾಡಿಸಿ, ಅದಕ್ಕೆ ನೆಲದ ಮೇಲೆ ನಿಲ್ಲುವ ಕಾಲು ಕೊಟ್ಟೆವು. ಭಾರವನ್ನೆಲ್ಲ ನೆಲ ಹೊರುತ್ತದೆ. ಗೋಡೆಗೆ ಮೇಲೆ ಎರಡು ಕಡೆ ಫಾಸ್ನರ್ ಹಾಕಿದ್ದು ಅದು ಮುಂದಕ್ಕೆ ವಾಲದಿರಲೆಂದು ಮಾತ್ರ. ನಮ್ಮದು ಗರ್ಡರ್ ಮೇಲೆ ಫರಸಿ ಹಾಸಿದ ಹಳೇ ಮಹಡಿ. ಆದ್ದರಿಂದ ಅಡ್ಡಗೋಡೆ ಬಿಟ್ಟು, ಗರ್ಡರಿನ ತುದಿ ಕೂತಿರುವ ಒಂಬತ್ತು ಇಂಚಿನ ಗೋಡೆಗೆ ಒತ್ತಿ ನಿಲ್ಲಿಸಿದೆವು. ಮಣ್ಣಿನ ಗೋಡೆಯವರು ಸ್ಕ್ರೂ, ಗಿಟ್ಟಿಯ ಆಸೆಯನ್ನೇ ಬಿಡಬೇಕು. ಅವರಿಗೂ ಇಂಥ ಕಾಲಿನ ಚೌಕಟ್ಟೇ ಸರಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಎಲ್ಲೂ ಕೊರೆಯಬಾರದು, ಒಳಗೆ ವಾಯರ್ ಹೋಗಿರುತ್ತದೆ.

ಇನ್ನೊಂದು ಮಾತು. ಕುಂಡಕ್ಕೂ ಗೋಡೆಗೂ ನಡುವೆ ಎರಡು ಇಂಚು ಸಂದು ಇರಲೇಬೇಕು. ಗೋಡೆಗೆ ಅಂಟಿಸಿದರೆ ತೇವ ಏರಿ ಬಣ್ಣ ಉಬ್ಬುತ್ತದೆ, ಬಿಳಿ ಉಪ್ಪಿನ ಪುಡಿ ಉದುರುತ್ತದೆ. ಗೋಡೆ ನೆರೆಮನೆಯವರದೂ ಆಗಿದ್ದರೆ ಜಗಳವೂ ಏಳುತ್ತದೆ.

ಹೊಲದ ಮಣ್ಣು ಕುಂಡಕ್ಕೆ ಯಾಕೆ ಒಗ್ಗದು?

ಅಪ್ಪನ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಹಿಂಗಾರಿ ಜೋಳವನ್ನು ಮಳೆ ಇಲ್ಲದೆ ಬರೀ ತನ್ನ ತೇವದ ಮೇಲೆ ಬೆಳೆಸುವ ಮಣ್ಣು ಅದು. ಅಂಥ ಮಣ್ಣಿನಲ್ಲಿ ಒಂದು ಮನಿಪ್ಲಾಂಟ್ ಬೆಳೆಯದೇ? ಎರಡು ದಿನದಲ್ಲೇ ಸಿಂಗೋನಿಯಮ್ಮಿನ ಎಲೆ ಹಳದಿಯಾಗಿದ್ದನ್ನು ಅವರೂ ನೋಡಿದ್ದರು. ನಮ್ಮ ಅಂಗಡಿಗೆ ಬರುವ ಒಬ್ಬ ನಿವೃತ್ತ ಕೃಷಿ ಅಧಿಕಾರಿಗಳನ್ನು ಮೇಲೆ ಕರೆದುಕೊಂಡು ಹೋದೆ. ಅವರು ಉಪನ್ಯಾಸ ಮಾಡಲಿಲ್ಲ. ಸೊಸೆಯಿಂದ ಪಾತ್ರೆ ತಿಕ್ಕುವ ಒಂದು ಸ್ಪಂಜು ತರಿಸಿ, ನೀರಲ್ಲಿ ಅದ್ದಿ, ಅಂಗೈಯಲ್ಲಿ ಅಡ್ಡ ಹಿಡಿದರು. ನೀರು ಸೋರಿ ಸೋರಿ ನಿಂತಿತು. “ಖಾಲಿ ಆಯ್ತಲ್ಲಾ ಗೌಡ್ರ?” ಎಂದು ಕೇಳಿ ಅದನ್ನೇ ಉದ್ದಕ್ಕೆ ಎತ್ತಿ ಹಿಡಿದರು. ಮತ್ತೆ ನೀರು ಧಾರೆಯಾಗಿ ಇಳಿಯಿತು.

ಮಣ್ಣಿನ ಗುಟ್ಟು ಇಷ್ಟೇ. ಹೊಲದಲ್ಲಿ ಮಣ್ಣು ನಾಲ್ಕೈದು ಅಡಿ ಆಳಕ್ಕೆ ನಿಂತಿರುತ್ತದೆ, ಹೆಚ್ಚಾದ ನೀರು ಕೆಳಗೆ ಎಳೆದುಕೊಂಡು ಹೋಗುತ್ತದೆ. ಬೇರು ಇರುವಲ್ಲಿ ಗಾಳಿಗೆ ಜಾಗ ಸಿಗುತ್ತದೆ. ಆರು ಇಂಚಿನ ಕುಂಡ ಎಂದರೆ ಅಡ್ಡ ಹಿಡಿದ ಸ್ಪಂಜು. ತಳದಲ್ಲಿ ರಂಧ್ರವಿದ್ದರೂ ಕೆಳಗಿನ ಕೆಲವು ಇಂಚು ತುಂಬಿಯೇ ಉಳಿಯುತ್ತದೆ. ಎರಿಮಣ್ಣಿನ ಕಣ ಬಹಳ ಸಣ್ಣದು, ನೀರುಂಡು ಉಬ್ಬಿ ಇದ್ದ ಗಾಳಿಯನ್ನೂ ಹೊರಗೆ ಹಾಕುತ್ತದೆ. ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಒಣಗಿದಾಗ ಅದೇ ಮಣ್ಣು ಕುಗ್ಗಿ ಕುಂಡದ ಅಂಚು ಬಿಟ್ಟು ಬಿರಿಯುತ್ತದೆ. ಆಗ ಹಾಕಿದ ನೀರು ಬೇರಿಗೆ ತಾಗದೆ ಅಂಚಿನಿಂದ ಸೋರಿ ನೆಲಕ್ಕೆ. ತಳದಲ್ಲಿ ಖಡಿ ಕಲ್ಲು ಹಾಕಿದರೆ ನೀರು ಬಸಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದೂ ತಪ್ಪು. ತೇವದ ಪದರು ಕಲ್ಲಿನ ಮೇಲೆ ಏರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ, ಅಷ್ಟೇ.

ಅಪ್ಪ ಆ ಸ್ಪಂಜನ್ನು ಕೈಗೆ ತೆಗೆದುಕೊಂಡು ತಾವೇ ಎರಡು ಸಲ ಅದ್ದಿ ನೋಡಿದರು. ಆಮೇಲೆ ಕೇಳಿದರು: “ಹಂಗಾರ ನಮ್ಮ ಮಣ್ಣು ಪೂರಾ ಬ್ಯಾಡೇನ್ರಿ?”

“ಒಂದು ಹಿಡಿ ಇರಲಿ” ಎಂದರು ಸಾಹೇಬರು. “ಎರಿಮಣ್ಣು ಗೊಬ್ಬರದ ಸತ್ವ ಹಿಡಿದಿಡ್ತದ. ಕೊಕೊಪೀಟಿಗೆ ಆ ಶಕ್ತಿ ಕಮ್ಮಿ.”

ಈಗ ನಮ್ಮ ಮಿಶ್ರಣ ಹತ್ತು ಪಾಲಿನದು. ಕೊಕೊಪೀಟ್ ಐದು, ಎರೆಹುಳ ಗೊಬ್ಬರ ಮೂರು, ದಪ್ಪ ಉಸುಕು ಒಂದು, ಹೊಲದ ಮಣ್ಣು ಒಂದು. ಕೊಕೊಪೀಟಿನ ಐದು ಕಿಲೋ ಇಟ್ಟಿಗೆ ನೀರಲ್ಲಿ ನೆನೆದರೆ ಅರವತ್ತು ಲೀಟರಿಗೂ ಹೆಚ್ಚು ಪುಡಿಯಾಗುತ್ತದೆ. ಅದನ್ನು ಒಂದೆರಡು ಸಲ ತೊಳೆದು ಉಪ್ಪು ತೆಗೆದೇ ಬಳಸಬೇಕು.

ಬೆಳಕನ್ನು ಅಂಗೈಯಿಂದ ಅಳೆಯಿರಿ

ಮೊದಲ ತಿಂಗಳಲ್ಲೇ ತುಳಸಿ ಸತ್ತಿತು. ಅಪ್ಪನಿಗೆ ಅಪಶಕುನ ಅನಿಸಿತು. ನಿಜವಾದ ಕಾರಣ ಬೆಳಕು. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ, ಹಾಗಾಗಿ ಖೋಲಿ ಬೆಳಗಿದೆ ಎಂದೇ ನಮಗೆ ಕಾಣುತ್ತದೆ. ಗಿಡಕ್ಕೆ ಹಾಗಲ್ಲ. ಕಿಟಕಿಯಿಂದ ನಾಲ್ಕೈದು ಅಡಿ ಒಳಗೆ ಬರುವಷ್ಟರಲ್ಲಿ ಬೆಳಕು ಬಹಳ ಇಳಿದಿರುತ್ತದೆ.

ಇದನ್ನು ಅಳೆಯಲು ಯಂತ್ರ ಬೇಕಾಗಿಲ್ಲ. ಮಧ್ಯಾಹ್ನ ಗೋಡೆಯ ಮುಂದೆ ಒಂದು ಅಡಿ ದೂರ ಅಂಗೈ ಹಿಡಿಯಿರಿ. ಬೆರಳುಗಳು ಎಣಿಸಲು ಬರುವ ಹಾಗೆ ನೆರಳು ಬಿದ್ದರೆ ಅಲ್ಲಿ ಬಹಳಷ್ಟು ಗಿಡ ಬದುಕುತ್ತವೆ. ಮಸುಕು ನೆರಳಾದರೆ ಮನಿಪ್ಲಾಂಟ್, ಸಿಂಗೋನಿಯಂ, ಸ್ನೇಕ್ ಪ್ಲಾಂಟ್‌ಗಳಿಗೆ ಸಾಕು. ನೆರಳೇ ಬೀಳದಿದ್ದರೆ ಅಲ್ಲಿ ಕ್ಯಾಲೆಂಡರೇ ಇರಲಿ. ತುಳಸಿ, ದೊಡ್ಡಪತ್ರಿ, ಪುದೀನಗಳಿಗೆ ಬಿಸಿಲೇ ಬೇಕು. ಅವನ್ನು ಕಿಟಕಿಯ ಸರಳಿನ ಹೊರಗೆ ತೂಗುಹಾಕಿದೆವು. ಬೆಳಗಿನ ಮೂರು ತಾಸು ಬಿಸಿಲು ಅಲ್ಲಿ ಬೀಳುತ್ತದೆ. ಹೊಸ ತುಳಸಿ ಹತ್ತಿತು.

ಮನಿಪ್ಲಾಂಟ್ ಕದ್ದು ತಂದರೆ ರೊಕ್ಕ ಬರುತ್ತದೆ ಎಂಬ ಮಾತಿದೆ. ನಮ್ಮದು ಕೊಂಡು ತಂದದ್ದು, ಅದಕ್ಕೇ ಇರಬೇಕು, ರೊಕ್ಕ ಇನ್ನೂ ಬಂದಿಲ್ಲ. ಅದರ ಮೂಲ ಪೆಸಿಫಿಕ್ ಸಾಗರದ ನಡುವಿನ ಮೊರೆಯ ಎಂಬ ಪುಟ್ಟ ದ್ವೀಪ. ಅಲ್ಲಿಂದ ಹೊರಟು ಸೊಲ್ಲಾಪುರದ ಓಣಿಗೂ ಒಗ್ಗಿಕೊಂಡಿದೆ. ಆದರೆ ಚಿಕ್ಕ ಮಕ್ಕಳಿರುವ ಮನೆಯವರು ಒಂದು ನೆನಪಿಡಬೇಕು. ಮನಿಪ್ಲಾಂಟ್, ಸಿಂಗೋನಿಯಂ ಎರಡರ ಎಲೆಯಲ್ಲೂ ಸೂಜಿಯಂಥ ಹರಳುಗಳಿವೆ, ಅಗಿದರೆ ಬಾಯಿ ಗಂಟಲು ಉರಿದು ಬಾವು ಬರುತ್ತದೆ. ಅವನ್ನು ಮೇಲಿನ ಸಾಲಿಗೆ ಹಾಕಿ, ಕೈಗೆ ನಿಲುಕುವ ಕೆಳಗಿನ ಸಾಲಿಗೆ ಸ್ಪೈಡರ್ ಪ್ಲಾಂಟ್ ಇಟ್ಟರೆ ಚಿಂತೆಯಿಲ್ಲ.

“ಗ್ವಾಡಿಗೆ ನೀರು ಕುಡಸ್ತಾರ”

2024ರ ಬೇಸಿಗೆ ಸೊಲ್ಲಾಪುರದವರು ಮರೆಯುವಂಥದ್ದಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು ಭೀಮಾ ನದಿಯ ಉಜನಿ ಜಲಾಶಯ ಬಳಸಲು ಬರುವ ನೀರಿನ ಮಟ್ಟಕ್ಕಿಂತಲೂ ಕೆಳಗೆ ಇಳಿದಿತ್ತು. ನಳಕ್ಕೆ ದಿನಗಟ್ಟಲೆ ಕಾಯುವುದು, ಬ್ಯಾರಲ್ಲಿನ ಸಾಲು, ಟ್ಯಾಂಕರಿನ ಜಗಳ. ಹೊರಗೆ 43 ಡಿಗ್ರಿ ಬಿಸಿಲು. ಆಗ ಎದುರು ಮನೆಯ ಅಕ್ಕ ಕಿಟಕಿಯಿಂದ ನೋಡಿ, “ಕುಡೀಲಿಕ್ಕೆ ನೀರಿಲ್ಲ, ಇವರ ಮನ್ಯಾಗ ಗ್ವಾಡಿಗೆ ನೀರು ಕುಡಸ್ತಾರ” ಎಂದು ಓಣಿಗೆಲ್ಲ ಕೇಳುವ ಹಾಗೆ ಅಂದಳು. ಮಾತು ಚುಚ್ಚಿತು. ಎಲ್ಲ ತೆಗೆದುಬಿಡೋಣ ಎಂದು ನಾನೇ ಅಂದೆ.

ಅಪ್ಪ ಸಿಟ್ಟಾಗಲಿಲ್ಲ. ಒಂದು ಲೋಟ ತರಿಸಿದರು, ಪಾವು ಲೀಟರಿನದು. “ಲೆಕ್ಕ ಹಾಕು” ಅಂದರು. ಹನ್ನೆರಡು ಕುಂಡ, ಒಂದಕ್ಕೆ ಒಂದು ಲೋಟ, ವಾರಕ್ಕೆ ಮೂರು ಸಲ. ಒಂಬತ್ತು ಲೀಟರ್. ಬೇಸಿಗೆಯ ಬಿರುಸಿನಲ್ಲೂ ಇಡೀ ಗೋಡೆಗೆ ವಾರಕ್ಕೆ ಒಂದು ಬಕೆಟ್ ಕೂಡ ಇಲ್ಲ. ಚಳಿಗಾಲದಲ್ಲಿ ಎರಡು ಸಲ ಹಾಕಿದರೆ ಆರೇ ಲೀಟರ್. ಅದನ್ನೂ ಕುಡಿಯುವ ನೀರಿನಿಂದ ತೆಗೆಯಬೇಕಾಗಿಲ್ಲ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಆ ದಿನದ್ದು ಆ ದಿನವೇ ಹಾಕಿದರೆ ಗಿಡಕ್ಕೆ ಒಳ್ಳೆಯದೇ. ಸಾಬೂನಿನ ನೀರು ಬೇಡ. ಆರ್‌ಓ ಯಂತ್ರದಿಂದ ಹೊರಬೀಳುವ ನೀರೂ ಬೇಡ, ಅದರಲ್ಲಿ ಉಪ್ಪು ಹೆಚ್ಚು. ಅದು ನೆಲ ಒರೆಸಲಿಕ್ಕೆ ಸರಿ.

ಅಪ್ಪ ದಿನಾ ಬೆರಳನ್ನು ಒಂದು ಗೆಣ್ಣು ಆಳಕ್ಕೆ ಇಳಿಸಿ ನೋಡುತ್ತಾರೆ. ತೇವ ತಾಗಿದರೆ ಆ ಕುಂಡಕ್ಕೆ ಆ ದಿನ ನೀರಿಲ್ಲ. ಮನೆಯೊಳಗಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಬಹಳ. ಕೆಳಗಿನ ತಟ್ಟೆಗಳಲ್ಲಿ ನಿಂತ ನೀರನ್ನು ಪ್ರತಿ ಸೋಮವಾರ ಚೆಲ್ಲಿ, ಒರೆಸಿ, ಒಣಗಿಸುತ್ತೇವೆ. ಡೆಂಗಿ ಹಬ್ಬಿಸುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ತತ್ತಿ ಇಡುತ್ತದೆ, ಒಂದು ವಾರ ಹತ್ತು ದಿನದಲ್ಲಿ ತತ್ತಿ ಸೊಳ್ಳೆಯಾಗುತ್ತದೆ. ಬಾಟಲಿಯ ನೀರಲ್ಲಿ ಮನಿಪ್ಲಾಂಟ್ ಇಟ್ಟವರೂ ವಾರಕ್ಕೊಮ್ಮೆ ನೀರು ಬದಲಿಸಲೇಬೇಕು.

ಜೂನಿನಲ್ಲಿ ಮಳೆ ಬಂದ ಮೇಲೆ ಎದುರು ಮನೆಯ ಅಕ್ಕ ಅದೇ ಕಿಟಕಿಯಿಂದ ಕೈ ಚಾಚಿ ಒಂದು ಸ್ಪೈಡರ್ ಪ್ಲಾಂಟಿನ ಮರಿ ಕೇಳಿದಳು. ಅಪ್ಪ ಕೊಟ್ಟರು. ಜೊತೆಗೆ ಒಂದು ಲೋಟದ ಲೆಕ್ಕವನ್ನೂ ಕೊಟ್ಟರು.

ಗಾಳಿಯ ವ್ಯಾಪಾರ

ವ್ಯಾಪಾರಿಯಾಗಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗಿಡ ಮಾರುವಲ್ಲೆಲ್ಲ, ಇವು ಮನೆಯ ಗಾಳಿ ಶುದ್ಧ ಮಾಡುತ್ತವೆ, ಅಮೆರಿಕದ ನಾಸಾ ಹೇಳಿದೆ ಎಂದು ಹೇಳುತ್ತಾರೆ. ನಾಸಾ 1989ರಲ್ಲಿ ಅಂಥ ಅಧ್ಯಯನ ಪ್ರಕಟಿಸಿದ್ದು ನಿಜ. ಆದರೆ ಆ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಹತ್ತಾರು ಪ್ರಯೋಗಗಳ ಅಂಕಿಗಳನ್ನು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2019ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಸಾಮಾನ್ಯ ಗಾಳಿಯಾಟ ಮಾಡುವ ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಎಂದು ಕಂಡರು. ನಮ್ಮ ಖೋಲಿ ಹತ್ತು ಹನ್ನೆರಡು ಅಡಿಯದು, ಸುಮಾರು 11 ಚದರ ಮೀಟರ್. ಕಡಿಮೆ ಎಂದರೂ ನೂರಾ ಹತ್ತು ಗಿಡ! ಕಿಟಕಿ ತೆರೆದಿಡುವುದೇ ಸೋವಿ. ಗಿಡದಿಂದ ಸಿಗುವುದು ಬೇರೆ ಲಾಭ, ಅದನ್ನು ಸುಳ್ಳು ಹೇಳಿ ಮಾರಬೇಕಾಗಿಲ್ಲ.

ಆ ಲಾಭ ಏನೆಂದು ನಮ್ಮ ಮನೆಯಲ್ಲಿ ನಾನು ಕಂಡಿದ್ದೇನೆ. ಬೆಳಿಗ್ಗೆ ಅಪ್ಪ ಹೊರಸಿನಿಂದ ಏಳುತ್ತಾರೆ, ಏಳಲಿಕ್ಕೆ ಒಂದು ಕಾರಣವಿದೆ. ಕೋಲು ಗೋಡೆಗೆ ಆನಿಸಿ, ಚೌಕಟ್ಟು ಹಿಡಿದು, ಹನ್ನೆರಡು ಕುಂಡದ ಮುಂದೆ ಹಾಯುತ್ತಾರೆ. ಒಣಗಿದ ಎಲೆ ತೆಗೆಯುತ್ತಾರೆ. ಬೆಳಕಿನ ಕಡೆಗೆ ವಾಲಿದ ಗಿಡವನ್ನು ಅರ್ಧ ಸುತ್ತು ತಿರುಗಿಸುತ್ತಾರೆ. ಆ ನಡಿಗೆಯಿಂದ ಟೊಂಕಕ್ಕೂ ಬಲ ಬಂದಿದೆ ಎಂದು ಡಾಕ್ಟರರೇ ಹೇಳಿದರು.

ಇನ್ನೊಂದು ಲಾಭ ನಾವು ಎಣಿಸದೆ ಬಂದದ್ದು. ಹುಡುಗ ಓದುವುದು ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಕ್ಷರ ಬರುತ್ತಿರಲಿಲ್ಲ. ಅವನಿಗೆ ಕಲಿಸಬೇಕೆಂದು ನಾವು ಹಿಂದೆ ತಂದ ಅಂಕಲಿಪಿ ಕಪಾಟಿನಲ್ಲೇ ಉಳಿದಿತ್ತು. ಅಪ್ಪ ಪ್ರತಿ ಕುಂಡದ ಮೇಲೆ ಸುಣ್ಣದಲ್ಲಿ ಗಿಡದ ಹೆಸರು ಬರೆದರು. ತುಳಸಿ, ದೊಡ್ಡಪತ್ರಿ, ಪುದೀನ. ಸಿಂಗೋನಿಯಂ ಎಂಬುದನ್ನು ಬಾಯಿಗೆ ಹೊರಳದೆ ‘ಸಿಂಗವ್ವ’ ಮಾಡಿದರು. ಹೆಸರು ಓದಿ ಹೇಳಿದವನಿಗೇ ಆ ಕುಂಡಕ್ಕೆ ನೀರು ಹಾಕುವ ಹಕ್ಕು ಎಂದು ಕರಾರು. ಮೂರು ತಿಂಗಳಲ್ಲಿ ಹುಡುಗ ಹನ್ನೆರಡೂ ಓದಿದ. ಈಗ ಈ ಪತ್ರಿಕೆಯ ತಲೆಬರಹಗಳನ್ನು ಮುತ್ತಜ್ಜನಿಗೆ ಅವನೇ ಓದಿ ಹೇಳುತ್ತಾನೆ, ತಪ್ಪಿದಲ್ಲಿ ಅವರು ತಿದ್ದುತ್ತಾರೆ.

2024ರ ಡಿಸೆಂಬರ್ 30ಕ್ಕೆ ಮತ್ತೆ ಎಳ್ಳಅಮಾವಾಸ್ಯೆ ಬಂತು. ಆ ಸಲ ಅಪ್ಪನನ್ನು ಜೀಪಿನಲ್ಲಿ ಹೊಲಕ್ಕೆ ಕರೆದುಕೊಂಡು ಹೋದೆವು. ಕೋಲು ಊರಿಕೊಂಡು ಬದುವಿನ ಮೇಲೆ ನಿಂತು, ಎದೆಮಟ್ಟ ಬೆಳೆದ ಜೋಳದೊಳಗೆ ತಾವೇ ಚರಗ ಚೆಲ್ಲಿದರು. ಸೊಸೆ ಮಾಡಿದ ಭಜ್ಜಿ ಎಲ್ಲರೂ ಕೂತು ಉಂಡೆವು. ಹೊರಡುವ ಹೊತ್ತಿಗೆ ಪಾಲುದಾರ ಮುನ್ನೆಚ್ಚರಿಕೆಯಿಂದ ಒಂದು ಚೀಲ ಮಣ್ಣು ತುಂಬಿ ಜೀಪಿನ ಹತ್ತಿರ ತಂದಿಟ್ಟಿದ್ದ.

ಅಪ್ಪ ಚೀಲವನ್ನು ನೋಡಿದರು. ಬಗ್ಗಿ ಅದರಿಂದ ಒಂದು ಹಿಡಿ ಮಣ್ಣು ತೆಗೆದು ಧೋತರದ ಚುಂಗಿನಲ್ಲಿ ಗಂಟು ಹಾಕಿಕೊಂಡರು.

“ಉಳಿದದ್ದು ಹೊಲಕ್ಕ ಚೆಲ್ಲಪಾ” ಅಂದರು. “ಗ್ವಾಡಿ ಹೊಲಕ್ಕ ಇಷ್ಟು ಸಾಕು.”